ಕುರ್ಚಿಗೆ ಬ್ರೇಕ್ ಎಲ್ಲಿದೆ

ಗಂಜಿ ಹಾಕಿದ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಹಾಯ್ದಾಗ ಏಳುವ ಹಬೆಯ ವಾಸನೆ ಅಕ್ಕನಿಗೆ ಇಂದಿಗೂ ಪ್ರಾರ್ಥನೆಯ ದಿನದ ಬೆಳಗಿನ ವಾಸನೆಯೇ. ಚಿಕ್ಕವರಿದ್ದಾಗ ಅಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಗರಿಗರಿ ಫ್ರಾಕು ತೊಡಿಸಿ ಪ್ರಾರ್ಥನೆಗೆ ಕರೆದೊಯ್ಯುತ್ತಿದ್ದಳು. ಅಕ್ಕ ಭಕ್ತಿಯಿಂದ ಕಣ್ಣು ಮುಚ್ಚಿದರೆ ತಂಗಿ ಕಣ್ಣರಳಿಸಿ ಸೂರು ನೋಡುತ್ತಿದ್ದಳು. ದೊಡ್ಡವಳಾದ ಮೇಲೆ ಹೋಗುವುದನ್ನೇ ಬಿಟ್ಟಳು. ಜಗಳವಿಲ್ಲ, ರಂಪವಿಲ್ಲ. "ನಂಗೆ ಅಲ್ಲಿ ಯಾರೂ ಸಿಗಲ್ಲ ಕಣೇ" ಅಂದಳು, ಅಷ್ಟೆ.

ಈಗ ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ಸಿಟಿ ಬಸ್ ಓಡಿಸುವ ತಂಗಿ ನಗರಸಭೆಯ ಚುನಾವಣೆಗೆ ನಿಂತಿದ್ದಾಳೆ. ನಿನ್ನ ತಂಗಿಗೆ ದೇವರಲ್ಲಿ ನಂಬಿಕೆ ಇದೆಯಾ ಎಂದು ಲಾಂಡ್ರಿಯ ಹೆಂಗಸರು ಕೇಳಿ ಕೇಳಿ ಅಕ್ಕನ ತಲೆ ತಿಂದಿದ್ದರು. ನಿನ್ನೆ ತಡೆಯಲಾರದೆ, "ಇದೆ ಕಣ್ರೇ, ಮನೇಲೇ ಪ್ರಾರ್ಥನೆ ಮಾಡ್ಕೊಳ್ತಾಳೆ" ಎಂದುಬಿಟ್ಟಿದ್ದಳು. ಅಲ್ಲಿ ಅಕ್ಕನ ಮಾತಿಗೆ ಯಾರೂ ಎದುರಾಡುವವರಲ್ಲ. ಒಪ್ಪಿ ಸುಮ್ಮನಾಗಿದ್ದರು.

ಇಂದು ತಂಗಿ ವೋಟು ಕೇಳಲು ಅಲ್ಲಿಗೇ ಬರುವವಳಿದ್ದಳು. "ಕೇಳಿದ್ರೆ ಹೂಂ ಅಂದ್ಬಿಡು, ನನ್ನ ಮಾನ ಉಳಿಸು" ಎಂದು ಬೆಳಿಗ್ಗೆ ಅಕ್ಕ ಫೋನಿನಲ್ಲಿ ಬೇಡಿಕೊಂಡಿದ್ದಳು. ಅತ್ತಲಿಂದ ಬಸ್ ಡಿಪೋದ ಗದ್ದಲ ಬಿಟ್ಟು ಇನ್ನೇನೂ ಕೇಳಿಸಿರಲಿಲ್ಲ.

ತಂಗಿ ಬಂದಾಗ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹಿರಿಯ ಕೆಲಸಗಾರ್ತಿ ಹಾಸಿಗೆಯ ಚಾದರ ಮಡಿಸಲು ಜೊತೆ ಹುಡುಕುತ್ತಿದ್ದಳು. ತಂಗಿ ಭಾಷಣ ಬಿಗಿಯದೆ ಇನ್ನೊಂದು ತುದಿ ಹಿಡಿದಳು. ಚಾದರವನ್ನು ಎಳೆದು ಜಾಡಿಸಿ, ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಪ್ರತಿ ಸಲವೂ ಇಬ್ಬರೂ ಮುಖಾಮುಖಿ.

"ಏನೇ ಡ್ರೈವರಮ್ಮ, ಮನೇಲಿ ಪ್ರಾರ್ಥನೆ ಮಾಡ್ತೀಯಂತೆ?"

ಹೂಂ ಅನ್ನು ಎಂದು ಅಕ್ಕ ದೂರದಿಂದಲೇ ತಂಗಿಗೆ ಕಣ್ಸನ್ನೆ ಮಾಡಿದಳು.

"ಇಲ್ಲ ದೊಡ್ಡಮ್ಮ. ನಂಗೆ ನಂಬಿಕೆ ಇಲ್ಲ."

ಅಲ್ಲಿದ್ದ ಕಣ್ಣುಗಳೆಲ್ಲ ಅಕ್ಕನ ಕಡೆ ತಿರುಗಿದವು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

"ಅಕ್ಕನ್ನ ಹಾಗೆ ನೋಡ್ಬೇಡಿ," ಅಂದಳು ತಂಗಿ. "ದಿನಾ ನನ್ನ ಪಾಲಿಂದೂ ಅವಳೇ ಪ್ರಾರ್ಥನೆ ಮಾಡ್ತಾಳೆ. ಅವಳ ಲೆಕ್ಕದಲ್ಲಿ ನಾನೂ ಮಾಡಿದ ಹಾಗೇ."

ಪಕ್ಕದಲ್ಲಿ ಇಸ್ತ್ರಿ ಮಾಡುತ್ತಿದ್ದವಳಿಗೆ ಅಯ್ಯೋ ಅನ್ನಿಸಿತೇನೋ. "ಬಿಡು ದೊಡ್ಡಮ್ಮ. ಇಷ್ಟು ವರ್ಷ ಇವಳ ಬಸ್ಸಲ್ಲೇ ಬಂದಿದ್ದೀಯ. ಒಂದಿನಾನಾದ್ರೂ ಹತ್ತೋ ಮುಂಚೆ ದೇವರು ಗೀವರು ಅಂತ ವಿಚಾರಿಸಿದ್ದೀಯಾ?"

"ಬಸ್ಸಿಗೆ ಬ್ರೇಕ್ ಇರುತ್ತೆ ಕಣೇ. ಕುರ್ಚಿಗೆ ಎಲ್ಲಿದೆ?"

ಎಲ್ಲರೂ ಗೊಳ್ಳೆಂದು ನಕ್ಕರು. ದೊಡ್ಡಮ್ಮ ನಗಲಿಲ್ಲ.

"ಹೋದ ಸಲ ಗೆದ್ದವನು ನಮ್ಮ ಬೀದಿ ನೀರನ್ನ ಮಾವನ ಹೋಟೆಲಿಗೆ ತಿರುಗಿಸ್ದ. ಅರ್ಜಿ ಕೊಟ್ರೆ ಕ್ಯಾರೇ ಅನ್ಲಿಲ್ಲ. ಬಾಗಿಲಲ್ಲಿ ನಿಂತು, 'ದಿನಾ ಯಾರ ಮುಂದೆ ಕಣ್ಣು ಮುಚ್ಕೊಂಡು ನಿಲ್ತೀಯೋ, ಅವನಿಗೇನು ಹೇಳ್ತೀಯಪ್ಪ?' ಅಂತ ಕೇಳ್ದೆ. ಬೆವೆತುಹೋದ. ನೀರು ಬಂತು. ನಮ್ಮಂಥವರ ಕೈಲಿ ಇನ್ನೇನಿದೆ? ನಿನ್ನನ್ನ ಯಾರ ಹೆಸರು ಹಿಡಿದು ಕೇಳ್ಲಿ, ಹೇಳು?"

ಇಷ್ಟು ದಿನ ಇದೆಲ್ಲ ಬರೀ ಬಾಯಿಚಪಲದ ಪ್ರಶ್ನೆ ಎಂದುಕೊಂಡಿದ್ದ ಅಕ್ಕ ತಲೆ ತಗ್ಗಿಸಿದಳು. ಹೂಂ ಎಂದು ಬಾಯಿ ಮುಚ್ಚಿಸುವ ಮಾತಾಗಿರಲಿಲ್ಲ ಅದು.

ತಂಗಿ ಚಾದರ ಹಿಡಿದು ಹಾಗೇ ನಿಂತಳು. "ಗೊತ್ತಿಲ್ಲ ದೊಡ್ಡಮ್ಮ. ಬೀದಿಗೆ ಬಂದು ನಿಮ್ಮೆಲ್ಲರ ಮುಂದೆ ನಿಲ್ತೀನಿ ಅನ್ನಬಹುದು. ಆದ್ರೆ ವೋಟಿಗೆ ಮುಂಚೆ ಎಲ್ಲರೂ ಅನ್ನೋದು ಅದನ್ನೇ."

"ಅದನ್ನೇ. ನನ್ನ ವೋಟು ನಿಂಗಿಲ್ಲ, ಕಾಯ್ಬೇಡ."

"ಆಗ್ಲಿ."

"ಮತ್ತೆ ಹೋಗ್ತಾ ಇಲ್ಲವಲ್ಲೇ?"

"ಚಾದರ ಅರ್ಧಕ್ಕೇ ಬಿಟ್ಟು ಹೋಗ್ಲಾ?"

ಗುಡ್ಡೆ ಮುಗಿಯುವವರೆಗೂ ಇಬ್ಬರೂ ಮಡಿಸಿದರು. ಊಟದ ಗಂಟೆ ಹೊಡೆಯಿತು. ಹೆಂಗಸರು ಗುಂಪುಗುಂಪಾಗಿ ಕೂತರೂ ಅಕ್ಕನನ್ನು ಯಾರೂ ಕರೆಯಲಿಲ್ಲ. ಅವಳು ಬೆಂಚಿನ ತುದಿಯಲ್ಲಿ ಮುದುಡಿ ಕೂತಳು.

ದೊಡ್ಡಮ್ಮ ಬಂದು, "ಸ್ವಲ್ಪ ಸರಿ" ಎಂದು ಪಕ್ಕದಲ್ಲೇ ಕುಳಿತಳು. "ಒಡಹುಟ್ಟಿದವಳಿಗೆ ಅಂತ ಹೇಳಿದ್ದೀಯ, ಹೋಗ್ಲಿ. ಇನ್ನೊಂದ್ಸಲ ನಂಗೆ ಸುಳ್ಳು ಹೇಳಿದ್ರೆ ಕಿವಿ ಹಿಂಡ್ತೀನಿ."

ಅಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಬಾಗಿಲ ಬಳಿ ತಂಗಿ ಬೆವರಿ ಬಾಡಿದ ಮುಖ ಒರೆಸಿಕೊಳ್ಳುತ್ತ ಹೊರಡಲು ನಿಂತಿದ್ದಳು. ದೊಡ್ಡಮ್ಮ ಅವಳನ್ನೊಮ್ಮೆ ನೋಡಿ, ಎದ್ದುಹೋಗಿ, ಚೀಲದಿಂದ ತನ್ನ ಊಟದ ಡಬ್ಬಿ ತೆಗೆದು ಅವಳ ಕೈಗಿಟ್ಟಳು.