ಯಾರೂ ಆಚೆ ಹೋಗದ ಬೀದಿ

ಜ್ಯೋತಿಲಕ್ಷ್ಮಿ ತನ್ನ ಲ್ಯಾಪ್‌ಟಾಪಿನೊಳಗೆ ಒಂದು ಬೀದಿ ಕಟ್ಟಿದ್ದಳು. ಹನ್ನೊಂದು ಮನೆ, ಹನ್ನೊಂದು ಟೆರೇಸು, ಒಂದೊಂದರ ಮೇಲೂ ಒಂದು ಪೆಟ್ಟಿಗೆ. ಯಾವುದೂ ನಿಜವಲ್ಲ, ಎಲ್ಲ ಸಾಫ್ಟ್‌ವೇರಿನ ಆಟ. ಆದರೂ ಒಂದೊಂದಕ್ಕೂ ಹೆಸರಿಟ್ಟಿದ್ದಳು: ಯಶೋದಮ್ಮ, ಬೈರಯ್ಯ, ಕೃಷ್ಣಯ್ಯ ಮೇಷ್ಟ್ರು, ಹೀಗೆ. ಒಂದು, ಎರಡು ಎಂದು ನಂಬರು ಕೊಟ್ಟಿದ್ದರೆ ಕಂಪ್ಯೂಟರೇನು ಮುನಿಸಿಕೊಳ್ಳುತ್ತಿರಲಿಲ್ಲ. ಆದರೆ ಹೊಸಹಳ್ಳಿಯ ಆ ಎರಡನೇ ಮಹಡಿಯ ಮನೆಯಲ್ಲಿ ಹೆಸರು ಹಿಡಿದು ಕರೆಯಲು ಅವಳಿಗೆ ಬೇರೆ ಯಾರಿದ್ದರು ಹೇಳಿ?

ನಿಜವಾದ ಬೀದಿ ಇದ್ದದ್ದು ಸುಂಕದಕಟ್ಟೆಯಲ್ಲಿ. ಬೀದಿಯ ತುದಿಯ ವಾಚನಾಲಯಕ್ಕೆ ಮಾತ್ರ ಇಂಟರ್‌ನೆಟ್ ಇತ್ತು. ಅಲ್ಲಿಂದ ಮೊದಲ ಟೆರೇಸಿನ ಪೆಟ್ಟಿಗೆಗೆ, ಅದರಿಂದ ಮುಂದಿನದಕ್ಕೆ, ಸಾಲಾಗಿ ನಿಂತವರು ಕೈಯಿಂದ ಕೈಗೆ ಬಿಂದಿಗೆ ದಾಟಿಸಿದ ಹಾಗೆ, ಇಡೀ ಬೀದಿಗೆ ನೆಟ್ ಹರಿಯುತ್ತಿತ್ತು. ಮೆಶ್ ನೆಟ್‌ವರ್ಕ್ ಅನ್ನುತ್ತಾರೆ ಇದಕ್ಕೆ. ಒಂದು ಪೆಟ್ಟಿಗೆ ಕೈಕೊಟ್ಟರೆ ಪಕ್ಕದ್ದು ಭಾರ ಹೊರುತ್ತದೆ. ಎರಡು ಮೂರು ಒಟ್ಟಿಗೆ ಕೈಕೊಟ್ಟರೆ ಮಾತ್ರ ಅರ್ಧ ಬೀದಿ ಗೋವಿಂದ.

ಪೆಟ್ಟಿಗೆ ಕೊಟ್ಟಿದ್ದು ಒಂದು ಸಂಸ್ಥೆ, ನೋಡಿಕೊಳ್ಳುತ್ತಿದ್ದವಳು ಇವಳು. ವಾರವೆಲ್ಲ ಪಾಲಿಟೆಕ್ನಿಕ್‌ನ ಲ್ಯಾಬಿನಲ್ಲಿ ಕೆಲಸ, ಭಾನುವಾರ ಎಂಟು ಗಂಟೆಗೆ ಸುಂಕದಕಟ್ಟೆ. ಹನ್ನೊಂದು ಮನೆಯ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ನಾಲ್ಕು ಲೋಟ ಕಾಫಿ, ಎರಡು ತಟ್ಟೆ ತಿಂಡಿ, ಬೈರಯ್ಯನವರ ಮಂಡಿ ನೋವಿನ ವರದಿ, ಎಲ್ಲ ಆಗುತ್ತಿತ್ತು. ನಲವತ್ತೇಳು ವರ್ಷದ ಜ್ಯೋತಿಲಕ್ಷ್ಮಿಗೆ ಆ ಮೂರು ಗಂಟೆಯೇ ವಾರ. ಉಳಿದದ್ದು ಬರೀ ಕ್ಯಾಲೆಂಡರ್.

ಆದರೆ ನೆಟ್ ಬೀಳಲು ಶುರುವಾಯಿತು. ಮಂಗಳವಾರ ಬೀಳುತ್ತಿತ್ತು, ಶುಕ್ರವಾರ ಬೀಳುತ್ತಿತ್ತು, ಎರಡು ಗಂಟೆ ಸತ್ತು ತಾನೇ ಏಳುತ್ತಿತ್ತು. ಭಾನುವಾರ ಹೋಗಿ ನೋಡಿದರೆ ಪೆಟ್ಟಿಗೆಗಳೆಲ್ಲ ಹಸಿರು ದೀಪ ಹೊತ್ತಿಸಿಕೊಂಡು ಸಾಧುಗಳಂತೆ ಕೂತಿರುತ್ತಿದ್ದವು. ಆರನೇ ಮನೆಯ ಯಶೋದಮ್ಮನವರನ್ನು ಕೇಳಿದಳು. ಅವರು ಕೈ ಒರೆಸಿಕೊಳ್ಳುತ್ತಾ, "ನಾನು ಮನೇಲಿರೋವಾಗ ಒಂದ್ ದಿನಾನೂ ಹೋಗಿಲ್ಲಮ್ಮ," ಅಂದರು. ಇವಳು ಪುಸ್ತಕದಲ್ಲಿ 'ಆರನೇ ಮನೆ, ತೊಂದರೆ ಇಲ್ಲ' ಎಂದು ಬರೆದುಕೊಂಡಳು. ಓದಿದವರ ಬುದ್ಧಿ ನೋಡಿ!

ಸಂಸ್ಥೆಯ ಅನಿಕೇತ್ ಫೋನ್ ಮಾಡಿದ. "ಮೇಡಂ, ಪ್ರತಿ ವಾರ ಅಷ್ಟು ದೂರ ಯಾಕ್ ಓಡಾಡ್ತೀರಾ? ಲ್ಯಾಪ್‌ಟಾಪಲ್ಲೇ ವರ್ಚುವಲ್ ಸೆಟಪ್ ಮಾಡ್ಬಿಡಿ. ಅಲ್ಲೇ ಕೆಡ್ಸಿ, ಅಲ್ಲೇ ಟೆಸ್ಟ್ ಮಾಡಿ. ಈ ತಿಂಗಳ ಕೊನೆ ಒಳಗೆ ಕಾರಣ ಸಿಗ್ಲಿಲ್ಲ ಅಂದ್ರೆ ಪೆಟ್ಟಿಗೆ ಬಿಚ್ಚಿ ಬೇರೆ ಏರಿಯಾಗೆ ಕೊಡ್ತಾರಂತೆ, ಮೇಲಿನವ್ರು ಹೇಳಿದಾರೆ."

ಪೆಟ್ಟಿಗೆ ಹೋದರೆ ಬೀದಿ ಹೋಯಿತು. ಬೀದಿ ಹೋದರೆ ಭಾನುವಾರ ಹೋಯಿತು. ಅವಳು ಹೆದರಿಬಿಟ್ಟಳು. ಹೆದರಿದವಳು ಬೀದಿ ಉಳಿಸಿಕೊಳ್ಳುವುದಕ್ಕಾಗಿಯೇ ಬೀದಿಗೆ ಹೋಗುವುದನ್ನು ಬಿಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಳು.

ಮೂರು ಭಾನುವಾರ ಕಳೆದವು. ಒಳಗಿನ ಬೀದಿಯಲ್ಲಿ ಅವಳು ಮಾಡದ ಪ್ರಯೋಗವಿಲ್ಲ. ಬೈರಯ್ಯನವರ ಪೆಟ್ಟಿಗೆಯನ್ನು ಕೆಡಿಸಿದಳು, ಪಕ್ಕದವರು ಹೊತ್ತರು. ಮೇಷ್ಟ್ರ ಪೆಟ್ಟಿಗೆಯ ಸಿಗ್ನಲ್ ಅರ್ಧಕ್ಕಿಳಿಸಿದಳು, ಆದರೂ ನಡೆಯಿತು. ಎರಡು ಮೂರು ಒಟ್ಟಿಗೆ ಕೆಡಲೆಂದು ಸುಳ್ಳು ಮಳೆ ಸುರಿಸಿದಳು. ಒಂದು ಮನೆಯೂ ಬೀಳಲಿಲ್ಲ. ಅಂಥಾ ಆದರ್ಶ ಬೀದಿ! ಜಗಳವಿಲ್ಲ, ಕಾಯಿಲೆಯಿಲ್ಲ, ಕಾಫಿಯೂ ಇಲ್ಲ. ಕೂತು ಕೂತು ಸೊಂಟ ಹಿಡಿದುಕೊಂಡಿತು. ಮೂರನೆಯ ಭಾನುವಾರ ಸಂಜೆ ತಾನು ಬೆಳಗಿನಿಂದ ಒಂದು ಮಾತೂ ಆಡಿಲ್ಲವೆಂದು ಹೊಳೆದು, ತನ್ನ ದನಿ ಇದೆಯೋ ಇಲ್ಲವೋ ನೋಡಲು ಸುಮ್ಮನೆ ಕೆಮ್ಮಿದಳು.

ನಾಲ್ಕನೆಯ ಭಾನುವಾರ ಬೆಳಿಗ್ಗೆ ನಿಜವಾದ ಬೀದಿಯಲ್ಲಿ ಯಾವ ಪೆಟ್ಟಿಗೆ ಉರಿಯುತ್ತಿದೆ, ಯಾವುದು ಆರಿದೆ ಎಂದು ತೋರಿಸುವ ಪಟ್ಟಿಯನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಂಡಿದ್ದಳು. ಒಂಬತ್ತೂವರೆಗೆ ಮೇಷ್ಟ್ರ ಮನೆ ಆರಿತು. ಎರಡು ನಿಮಿಷಕ್ಕೆ ಬೈರಯ್ಯನವರದು. ಆಮೇಲೆ ಏಳನೆಯದು, ಎಂಟನೆಯದು, ಹೀಗೇ ಉಳಿದವು, ಕೊನೆಗೆ ಯಶೋದಮ್ಮನವರದು. ಕರೆಂಟ್ ಹೋಗಿದ್ದರೆ ಎಲ್ಲ ಒಟ್ಟಿಗೆ ಹೋಗಬೇಕು. ಇದು ಒಂದೊಂದಾಗಿ, ಸಾವಕಾಶವಾಗಿ. ಯಾರೋ ಪೆಟ್ಟಿಗೆ ಬಿಚ್ಚುತ್ತಿದ್ದಾರೆ ಎಂದುಕೊಂಡಳು. ಚಪ್ಪಲಿ ಮೆಟ್ಟಿದವಳೇ ಸಿಕ್ಕಿದ ಬಸ್ಸು ಹತ್ತಿದಳು.

ಹೋಗಿ ನೋಡಿದರೆ ಪೆಟ್ಟಿಗೆಗಳೆಲ್ಲ ಇದ್ದವು. ಜನ ಇರಲಿಲ್ಲ. ಮನೆ ಮನೆಗೂ ಬೀಗ. ಮೂಲೆಯಲ್ಲಿ ಇಸ್ತ್ರಿ ಗಾಡಿಯ ಮುನಿಯಣ್ಣ ಒಬ್ಬನೇ ಶರ್ಟು ಉಜ್ಜುತ್ತಿದ್ದ.

"ಏನ್ ಮೇಡಂ, ನೀವ್ ಹೋಗ್ಲಿಲ್ವಾ? ಯಶೋದಮ್ಮನ ಮಗಳ ಸೀಮಂತ ಅಲ್ವಾ ಇವತ್ತು, ಕೆಂಗೇರೀಲಿ. ಟೆಂಪೋ ಮಾಡ್ಕೊಂಡು ಎಲ್ಲಾ ಹೋದ್ರು. ಆ ಯಮ್ಮಂದೇ ಲೇಟು. ಗ್ಯಾಸ್ ಆಫ್ ಮಾಡಿದ್ನಾ, ಮೇನ್ ಆಫ್ ಮಾಡಿದ್ನಾ ಅಂತ ಎರಡ್ ಸಲ ವಾಪಸ್ ಹೋದ್ರು."

ಜ್ಯೋತಿಲಕ್ಷ್ಮಿ ಯಶೋದಮ್ಮನವರ ಗೇಟಿನ ಪಕ್ಕದ ಮೀಟರ್ ಡಬ್ಬಿಯನ್ನು ನೋಡಿದಳು. ಮೇನ್ ಸ್ವಿಚ್ಚು ಕೆಳಗಿತ್ತು. ಪಕ್ಕದ ಮನೆಯದೂ ಕೆಳಗೆ. ಮಂಗಳವಾರ, ಶುಕ್ರವಾರ ಆ ಹೆಂಗಸರೆಲ್ಲ ಒಟ್ಟಿಗೆ ಭಜನೆಗೆ ಹೋಗುವುದು ನೆನಪಾಯಿತು. ಮನೆ ಬಿಡುವಾಗ ಮೇನ್ ಆಫ್ ಮಾಡದ ಗೃಹಿಣಿ ಯಾರಿದ್ದಾರೆ? ಇವಳೂ ದಿನಾ ಮಾಡುತ್ತಿದ್ದಳು. ಭಾನುವಾರ ಮಾತ್ರ, ಮೇಡಂ ಬರುತ್ತಾರೆಂದು, ಎಲ್ಲರೂ ಮನೆಯಲ್ಲಿ ಇರುತ್ತಿದ್ದರು. ಲ್ಯಾಪ್‌ಟಾಪಿನ ಬೀದಿಯಲ್ಲಿ ಅವಳು ಮಳೆ, ಗಾಳಿ, ಸಿಡಿಲು ಎಲ್ಲ ಇಟ್ಟಿದ್ದಳು. ಬಾಗಿಲು ಹಾಕಿಕೊಂಡು ಆಚೆ ಹೋಗುವ ಮನುಷ್ಯರನ್ನು ಇಟ್ಟಿರಲಿಲ್ಲ.

ಕಾರಣ ಸಿಕ್ಕಿತು. ಕುಣಿಯಬೇಕಿತ್ತು. ಬದಲಿಗೆ ಮುಚ್ಚಿದ ಬಾಗಿಲ ಮುಂದೆ ನಿಂತು ಬೀಗಗಳನ್ನು ಎಣಿಸಿದಳು. ಹನ್ನೊಂದು ಮನೆಯನ್ನೂ ಕರೆದಿದ್ದಾರೆ, ನನ್ನನ್ನು ಕರೆದಿಲ್ಲ. ನಾನ್ಯಾರು ಇವರಿಗೆ? ನೆಟ್ ರಿಪೇರಿಯವಳು. ನೆಟ್ ಸರಿಯಿದ್ದರೆ ನನ್ನ ಮುಖವೂ ಬೇಡ.

ಹಾಗೆ ನೋಡಿದರೆ ಅವಳದೂ ತಪ್ಪಿತ್ತು. ಮೊದಮೊದಲು ಯಶೋದಮ್ಮ "ನಿಮ್ಮನೆಯವರು ಏನ್ ಕೆಲ್ಸ?" ಅಂದಾಗ, ಮದುವೆಯೇ ಆಗಿಲ್ಲವೆಂದು ಹೇಳಲು ನಾಚಿಕೆಯಾಗಿ "ಬ್ಯಾಂಕಲ್ಲಿ" ಅಂದುಬಿಟ್ಟಿದ್ದಳು. ಒಂದು ಸುಳ್ಳಿಗೆ ಇನ್ನೊಂದು ಜೊತೆ ಬೇಕಲ್ಲ, ಇಬ್ಬರು ಮಕ್ಕಳೂ ಹುಟ್ಟಿದರು. ಅಂದಿನಿಂದ ಮನೆ ಎಲ್ಲಿ ಅಂತ ಯಾರು ಕೇಳಿದರೂ "ಹೀಗೇ, ಸ್ವಲ್ಪ ದೂರ" ಎಂದು ಜಾರಿಕೊಳ್ಳುತ್ತಿದ್ದಳು.

ಮನೆಗೆ ಬಂದು, ಒಳಗಿನ ಬೀದಿಯಲ್ಲಿ ಮನೆಗಳನ್ನು ಒಂದೊಂದಾಗಿ ಆರಿಸಿದಳು. ಬೀದಿ ಬಿತ್ತು, ಥೇಟ್ ನಿಜದಂತೆ. ಒಂದೊಂದು ಪೆಟ್ಟಿಗೆಗೂ ಚಿಕ್ಕ ಬ್ಯಾಟರಿ ಕೊಟ್ಟಳು. ಎದ್ದು ನಿಂತಿತು. ಅನಿಕೇತ್‌ಗೆ ಬರೆದಳು. ಐದೇ ನಿಮಿಷಕ್ಕೆ ಉತ್ತರ ಬಂತು: 'ಸೂಪರ್ ಮೇಡಂ! ಪೆಟ್ಟಿಗೆ ಅಲ್ಲೇ ಇರುತ್ತೆ. ಬ್ಯಾಟರಿ ನಮ್ಮ ಹುಡುಗರು ಹಾಕ್ತಾರೆ. ಇನ್ನು ಮುಂದೆ ನೀವು ಮನೆಯಿಂದಲೇ ನೋಡ್ಕೊಂಡ್ರೆ ಸಾಕು, ಅಲ್ಲಿಗೆ ಹೋಗೋ ಕೆಲಸವೇ ಇಲ್ಲ.'

ಪಾಪ, ಅವನು ಉಪಕಾರ ಮಾಡಿದೆ ಅಂದುಕೊಂಡಿದ್ದ. ಅವಳು ಊಟವನ್ನೂ ಮಾಡದೆ ಹಾಗೇ ಕೂತಿದ್ದಳು.

ಸಂಜೆ ಐದಕ್ಕೆ ಫೋನ್ ಬಂತು. ಯಶೋದಮ್ಮ.

"ಏನಮ್ಮಾ ನೀನು? ಬೀದಿ ತನಕ ಬಂದು ವಾಪಸ್ ಹೋದ್ಯಂತೆ, ಮುನಿಯಣ್ಣ ಹೇಳ್ದ." ಯಾವತ್ತೂ 'ನೀವು' ಎನ್ನುತ್ತಿದ್ದವರು ಇವತ್ತು ಸಿಟ್ಟಿನಲ್ಲಿ 'ನೀನು' ಅಂದಿದ್ದರು. "ಮೂರು ಭಾನುವಾರ ಕಾದಿದೀನಿ ಕಣಮ್ಮ. ಕಾರ್ಡು, ಕುಂಕುಮದ ಬಟ್ಲು ದೇವರ ಮುಂದೆ ಇಟ್ಕೊಂಡು. ಇವತ್ ಬರ್ತಾಳೆ, ಇವತ್ ಬರ್ತಾಳೆ ಅಂತ."

"ಒಂದ್ ಫೋನ್ ಮಾಡಿದ್ರೆ ಬಂದ್ಬಿಡ್ತಿದ್ನಲ್ಲಮ್ಮ..."

"ಚೆನ್ನಾಗಿ ಹೇಳ್ದೆ! ಸೀಮಂತಕ್ಕೆ ಫೋನಲ್ಲಿ ಕರೆಯೋದಾ? ಹಣೆಗೆ ಕುಂಕುಮ ಇಡ್ದೆ ಕರೆದ್ರೆ ಅದು ಕರೆದಂಗಾ? ನಿಮ್ಮನೆಗೇ ಬರೋಣ ಅಂದ್ರೆ ಮನೆ ಎಲ್ಲಿ ಅಂತ ಒಬ್ಬರಿಗೂ ಗೊತ್ತಿಲ್ಲ. ಬೀದಿಯಲ್ಲಿ ಎಲ್ಲರನ್ನೂ ಕೇಳ್ದೆ. ಎಂಟು ತಿಂಗಳಿಂದ ನಮ್ಮ ಮನೆ ಹತ್ತಿ ಇಳೀತೀಯ, ನಿನ್ನ ಬಾಗ್ಲು ಯಾವ್ದು ಅಂತ ಒಬ್ಬರಿಗಾದ್ರೂ ಹೇಳಿದ್ಯಾ?"

ಜ್ಯೋತಿಲಕ್ಷ್ಮಿ ಎದುರಿಗಿದ್ದ ಲ್ಯಾಪ್‌ಟಾಪನ್ನು ಮೆಲ್ಲನೆ ಮುಚ್ಚಿದಳು.

"ಇರ್ಲಿ, ಒಬ್ಬಟ್ಟು ಎತ್ತಿಟ್ಟಿದೀನಿ. ಬಳೆ ಇದೆ. ನಾಳೆ ನಾನೇ ತಂದ್ಕೊಡ್ತೀನಿ. ಎಷ್ಟು ಜನಕ್ಕೆ ಕಟ್ಲಿ?"

ನಾಲ್ಕು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಬ್ಯಾಂಕಿನ ಗಂಡ, ಇಬ್ಬರು ಮಕ್ಕಳು, ತಾನು. ಅಡ್ರೆಸ್ ಕೊಡದೆ ಇನ್ನೊಂದು ಸಲ ಜಾರಿಕೊಂಡರೂ ಆಗುತ್ತಿತ್ತು. ಅಭ್ಯಾಸವಿತ್ತು.

"ಒಬ್ಬಳಿಗೆ ಸಾಕಮ್ಮ," ಅಂದಳು. "ನಾನೊಬ್ಬಳೇ ಇರೋದು. ಗಂಡ, ಮಕ್ಕಳು... ಯಾರೂ ಇಲ್ಲ. ನಿಮಗೆ ಸುಳ್ಳು ಹೇಳಿದ್ದೆ."

"ಗೊತ್ತು ಬಿಡು."

"ಗೊತ್ತಿತ್ತಾ?"

"ಗಂಡ ಮಕ್ಕಳಿರೋಳು ಭಾನುವಾರ ಎಂಟು ಗಂಟೆಗೆ ಕಂಡೋರ ಟೆರೇಸ್ ಮೇಲೆ ಯಾಕ್ ಇರ್ತಾಳಮ್ಮ? ಅಡ್ರೆಸ್ ಹೇಳು, ಬರ್ಕೊತೀನಿ."

ಅವಳು ಮನೆ ನಂಬರು ಹೇಳಿದಳು. ಕ್ರಾಸ್ ಹೇಳುವಾಗ ಅಳು ಒತ್ತರಿಸಿಕೊಂಡು ಬಂತು. ಯಶೋದಮ್ಮ ಪೆನ್ನು ಹಿಡಿದು, ಅವಳು ಸುಧಾರಿಸಿಕೊಳ್ಳುವವರೆಗೆ ಕಾದು, "ಹ್ಞಾ, ಎಷ್ಟನೇ ಕ್ರಾಸು?" ಎಂದು ಮತ್ತೆ ಕೇಳಿದರು.