ಗೋಪಾಲಪ್ಪನ ಕಿವಿ

ಕೊಟ್ರೇಶ್ ಮತ್ತೊಮ್ಮೆ ಕೀಲಿ ತಿರುಗಿಸಿದ. ಹಳೆಯ ಎಂಜಿ ಕಾರು ಕೆಮ್ಮಿ ಚಾಲೂ ಆಯಿತು, ಆದರೆ ಮೈಯೆಲ್ಲ ನಡುಗುತ್ತಿತ್ತು. ಹೂಡಿಯ ಆ ಅಂಗಳದಲ್ಲಿ ಚಟ್ಟ ಕಟ್ಟಿ, ಗೋಪಾಲಪ್ಪನನ್ನು ಮಲಗಿಸಿ, ಹೂವು ಹಾಕಿಯೂ ಆಗಿತ್ತು.

"ನಮ್ಮಣ್ಣನ ಮುಂದೆ ಅವನ ಕಾರೇ ಓಗ್ಬೇಕು," ಚಿಕ್ಕಮುನಿಯಮ್ಮನದು ಒಂದೇ ಹಟ. "ಎಂಡ್ತಿಗಿಂತ ಎಚ್ಚಾಗಿ ನೋಡ್ಕಂಡಿದ್ದ ಅದ್ನ."

ನಾದಿನಿಯ ಇಂಥ ಮಾತು ವನಜಾಳಿಗೆ ಹೊಸದಲ್ಲ. ಗಂಡನ ತಲೆಯ ಬಳಿ ಕೂತವಳು ಜಾರಿದ ಹೂವನ್ನು ಸರಿಪಡಿಸಿದಳು.

"ನಿನ್ನೆ ಟ್ಯೂನ್ ಮಾಡ್ತಿರುವಾಗ್ಲೇ ಎದೆ ಹಿಡ್ಕೊಂಡ್ರಂತೆ. ಕೆಲಸ ಅರ್ಧಕ್ಕೇ ನಿಂತಿದೆ," ಎಂದ ಕೊಟ್ರೇಶ್. ಅವನು ಬ್ರೂಕ್‌ಫೀಲ್ಡಿನವನು; ತನ್ನ ಹಳೆಯ ಕಾರನ್ನೂ ಮೆಕ್ಯಾನಿಕ್ ಗೋಪಾಲಪ್ಪನಲ್ಲದೆ ಬೇರೆಯವರಿಗೆ ಮುಟ್ಟಗೊಟ್ಟವನಲ್ಲ. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಾರ್ಬ್ಯುರೇಟರಿನ ಬಾಯಿಗೆ, ಇನ್ನೊಂದನ್ನು ಕಿವಿಗೆ ಹಿಡಿದು ಆಲಿಸಿದ. "ಎರಡು ಕಾರ್ಬ್ಯುರೇಟರೂ ಒಂದೇ ಸಮ ಗಾಳಿ ಎಳೀಬೇಕು, ಅದನ್ನ ಸದ್ದಲ್ಲೇ ತಿಳೀಬೇಕು. ನಂಗೆ ವ್ಯತ್ಯಾಸಾನೇ ಗೊತ್ತಾಗ್ತಿಲ್ಲ ಕಣ್ರೀ. ಅವ್ರ ಕಿವಿ ಅಂದ್ರೆ ಕಿವಿ!"

ನೆರೆದವರು ಹೌದು ಹೌದೆಂದು ತಲೆಯಾಡಿಸಿದರು. ವನಜಾ ತಲೆಯೆತ್ತಿ ಆ ಕೊಳವೆಯನ್ನೇ ನೋಡಿದಳು.

*

ಪೀಣ್ಯದ ಕಾರ್ಖಾನೆಯೊಂದರ ಪ್ರೆಸ್ ಯಂತ್ರಗಳು ಗೋಪಾಲಪ್ಪನ ಕಿವಿಯನ್ನು ಎಂದೋ ತಿಂದುಹಾಕಿದ್ದವು. ಕೂಗಿದರೆ ಕೇಳುತ್ತಿತ್ತು, ಅದೂ ಬಲಗಿವಿಗೆ. ಗಾಳಿಯ ಸದ್ದು ಕೇಳುವ ಮಾತೇ ಇರಲಿಲ್ಲ.

"ಯಾರ್ಗೂ ಏಳ್ಬೇಡ ವನಜಾ. ಕಿವುಡನ ಅತ್ರ ಯಾರು ಕಾರು ಬಿಡ್ತಾರೆ?" ಎಂದು ಅಂಗಲಾಚಿದ್ದ.

ಅಂದಿನಿಂದ ಕಾರು ತಂದವರನ್ನು ಬೀದಿ ಕೊನೆಯ ಹೋಟೆಲಿಗೆ ಕಾಫಿಗೆ ಕಳಿಸುವುದು, ಬಾನೆಟ್ಟಿನ ಮರೆಯಲ್ಲಿ ಕೊಳವೆಯನ್ನು ಅವಳ ಕಿವಿಗೆ ಹಿಡಿಯುವುದು. ಅವಳು ಹೇಳುವಳು, ಅವನು ತಿರುಪು ತಿರುಗಿಸುವನು. ಒಲೆಯ ಮೇಲೆ ಸಾರು ಉಕ್ಕುತ್ತದೆಂದು ಬೈದುಕೊಂಡೇ ಬರುತ್ತಿದ್ದಳು. ಆದರೂ ಆ ಹೊತ್ತು ಅವಳಿಗೆ ಬಲು ಇಷ್ಟ. ಮದುವೆಯಾದ ಹೊಸದರಲ್ಲೂ ಇಬ್ಬರೂ ಅಷ್ಟು ಹತ್ತಿರ ನಿಂತಿರಲಿಲ್ಲ.

*

"ಒತ್ತಾಯ್ತು, ಎತ್ರಪ್ಪ. ಕಾರು ಇಲ್ಲೇ ಇರ್ಲಿ," ಎಂದರು ಯಾರೋ ಹಿರಿಯರು.

ಬಾಯಿ ಬಿಟ್ಟರೆ ಗಂಡ ಕಾಪಾಡಿಕೊಂಡು ಬಂದ ಹೆಸರು ಹೋಗುತ್ತದೆ. ಸುಮ್ಮನಿದ್ದರೆ ಅವನ ಕೊನೆಯ ಕೆಲಸ ಹೀಗೆ ನಡುಗುತ್ತಲೇ ಉಳಿಯುತ್ತದೆ. ವನಜಾ ಸೆರಗು ಸಿಕ್ಕಿಸಿಕೊಂಡು ಎದ್ದಳು. ಕೊಟ್ರೇಶನ ಕೈಯಿಂದ ಕೊಳವೆ ತೆಗೆದುಕೊಂಡು ತನ್ನ ಕಿವಿಗಿಟ್ಟಳು.

"ಮುಂದಿಂದು ಜಾಸ್ತಿ ಎಳೀತೈತೆ. ಅದ್ರ ತಿರುಪು ಚೂರು ಬಿಚ್ಚು."

ಕೊಟ್ರೇಶ್ ಸ್ಕ್ರೂಡ್ರೈವರ್ ಹಿಡಿದು ಅವಳನ್ನೇ ನೋಡಿದ. "ಅಕ್ಕಾ, ಅದಕ್ಕೇನಾ ಅಣ್ಣ ನನ್ನ ಕಾಫಿಗೆ ಕಳಿಸ್ತಿದ್ದಿದ್ದು?"

"ಬಿಚ್ಚಪ್ಪ ನೀನು... ಸಾಕು. ಈಗ ಇಂದ್ಗಡೇದು ಒಂಚೂರು ಬಿಗಿ ಮಾಡು."

ನಡುಕ ನಿಂತಿತು. ಇಂಜಿನ್ನು ಹದವಾಗಿ ಗುನುಗತೊಡಗಿತು. ಚಿಕ್ಕಮುನಿಯಮ್ಮ ಅತ್ತಿಗೆಯನ್ನು ಪಿಳಿಪಿಳಿ ನೋಡುತ್ತ ನಿಂತಳು.

ವನಜಾ ಚಟ್ಟದ ಪಕ್ಕ ಮಂಡಿಯೂರಿದಳು. ಗಂಡನ ಬಲಗಿವಿಗೆ ಇಟ್ಟಿದ್ದ ಹತ್ತಿಯನ್ನು ತೆಗೆದು, ಬಾಯಿ ಹತ್ತಿರ ತಂದು, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ರೀ, ಎರಡೂ ಸಮ ಆಯ್ತು!"