ಚುನಾರಿನಲ್ಲಿ ಬಿಟ್ಟು ಬಂದದ್ದು

"ಪಾತ್ರೆ ಹದಿಮೂರು, ಛತ್ರಿ ಮೂರು, ನೀರಿನ ಕ್ಯಾನು ಎರಡು. ಎಲ್ಲಾ ಸರಿಯಾಗಿದೆ ಅಂತ ಜೀಪು ಹೊರಡಿಸಿದೆ. ಚುನಾರ್ ಕೋಟೆ ಬಿಟ್ಟು ಹತ್ತು ಮೈಲಿ ಬಂದಿದೀವಿ, ಬಾಯಾರಿಕೆ ಆಯ್ತು. ಲೋಟ ಕೊಡೇ ಅಂತ ಹೀಗೆ ಕೈ ಚಾಚ್ತೀನಿ..." ಗೋಪಾಲಕೃಷ್ಣಾಚಾರ್ಯರು ತಿರುಗಿ ನೋಡದೆ ಎಡಗೈಯನ್ನು ಬೆನ್ನ ಹಿಂದಕ್ಕೆ ಚಾಚಿ ತೋರಿಸಿದರು. "ಕೊಡೋರೇ ಇಲ್ಲ! ಪಾತ್ರೆಗಳೆಲ್ಲಾ ಬಂದಿವೆ, ಪಾತ್ರೆ ತೊಳೆಯೋಳೇ ಬಂದಿಲ್ಲ!"

ಎರಡು ಸಾಲಿನಲ್ಲಿ ಊಟಕ್ಕೆ ಕೂತಿದ್ದ ಇಪ್ಪತ್ತು ಜನ ಯಾತ್ರಿಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ತುಮಕೂರಿನ ಕಡೆಯವರು, ಬೆಳಿಗ್ಗೆಯಷ್ಟೇ ಕಾಶಿಯ ಹನುಮಾನ್ ಘಾಟಿನ ಈ ಮನೆಗೆ ಬಂದಿಳಿದಿದ್ದರು. ಕತೆಯಲ್ಲಿ ಚುನಾರಿನಲ್ಲೇ ಉಳಿದುಹೋದವರು, ಆಚಾರ್ಯರ ಹೆಂಡತಿ ಭಾಗೀರಥಮ್ಮ, ತುಪ್ಪದ ಗಿಂಡಿ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತಾ ತಾವೂ ನಕ್ಕರು. ಸೊಸೆ ವೇದಾ ಹುಳಿಯ ಪಾತ್ರೆ ಹಿಡಿದು ಹಿಂದೆಯೇ ಬರುತ್ತಿದ್ದಳು. ಚಿತ್ರದುರ್ಗದಿಂದ ಮದುವೆಯಾಗಿ ಬಂದು ಎರಡು ವರ್ಷ. ಈ ಕತೆಯನ್ನು ಅವಳು ನಲವತ್ತು ಸಲವಾದರೂ ಕೇಳಿರಬೇಕು. ಯಾತ್ರಿಕರಿಗೆ ಪಿಂಡ, ದಾನ, ಊಟ, ಆಮೇಲೆ ಈ ಕತೆ. ಒಂದನ್ನೂ ಮಾವ ತಪ್ಪಿಸಿದವರಲ್ಲ.

ಚುನಾರ್ ಮುಗಿದರೆ ವಿಂಧ್ಯಾಚಲ. ದೇವಿಯ ದರ್ಶನ ಮಾಡಿಕೊಂಡು ಮನೆಯವರೆಲ್ಲ ಸ್ಟೇಷನ್ನಿಗೆ ಬಂದು ಕಾಶಿಯ ಗಾಡಿಗೆ ಕಾಯುತ್ತಿದ್ದಾರೆ. ಭಾಗೀರಥಮ್ಮ ಮಾತ್ರ ಎದುರಿನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಾರೆ! "ಕೂಗಿದೆ, ಪಂಚೆ ಬೀಸಿದೆ. ಕೇಳಿಸಿದರೆ ತಾನೆ? ಮಹಾತಾಯಿ ಮುಂಬಯಿ ಗಾಡಿ ಕಾಯ್ತಿದಾಳೆ!" ವಿಂಧ್ಯಾಚಲ ಮುಗಿದರೆ ಸಾರನಾಥ. ಅಲ್ಲಿ ಅರ್ಧ ದಿನ ಹುಡುಕಿದ ಮೇಲೆ ಆಕೆ ಸಿಕ್ಕಿದ್ದು ಹಾಸನದ ಯಾತ್ರಿಕರ ಬಸ್ಸಿನ ಕೊನೆಯ ಸೀಟಿನಲ್ಲಿ, ಅವರು ಕೊಟ್ಟ ಕೋಡುಬಳೆ ತಿನ್ನುತ್ತಾ.

"ಅಲ್ಲಮ್ಮಾ, ಆ ಪ್ಲಾಟ್‌ಫಾರ್ಮಿಗೆ ಹೇಗೆ ಹೋದ್ರಿ?" ಎಂದು ಸಾಲಿನಲ್ಲಿದ್ದ ಒಬ್ಬಾಕೆ ಭಾಗೀರಥಮ್ಮನನ್ನೇ ಕೇಳಿದಳು.

"ದಾರಿ ತಪ್ಪಿ!" ಎಂದು ಆಚಾರ್ಯರೇ ಉತ್ತರ ಕೊಟ್ಟರು. "ಮೂವತ್ತೆಂಟು ವರ್ಷದಿಂದ ಕಾಶಿಯಲ್ಲಿದ್ದರೂ ಇವಳಿಗೆ ಸೋನಾರ್‌ಪುರದ ತರಕಾರಿ ಅಂಗಡಿ ಬಿಟ್ಟು ಇನ್ನೊಂದು ದಾರಿ ಗೊತ್ತಿಲ್ಲ. ಈಗ ಚಿಂತೆಯಿಲ್ಲ ಬಿಡಿ, ಸೊಸೆ ಬಂದಿದಾಳೆ. ಪಾತ್ರೆ ಎಣಿಸೋದು ನನ್ನ ಪಾಲು, ಜನ ಎಣಿಸೋದು ಅವಳ ಪಾಲು. ನಾಳೆ ದೋಣೀಲಿ ಗಂಗೆಯ ಆಚೆ ದಡಕ್ಕೆ ಹೋಗ್ತೀವಲ್ಲ, ನೀವೇ ನೋಡಿ."

ಎಲ್ಲರೂ ಮತ್ತೆ ನಕ್ಕರು. ಅತ್ತೆಯ ನಗು ಮಾತ್ರ ಮುಖದ ಮೇಲೆ ಹಾಗೇ ನಿಂತುಬಿಟ್ಟಿತ್ತು. ಒರೆಸಿ ತೆಗೆಯುವುದನ್ನು ಮರೆತಂತಿತ್ತು.

ಊಟವಾಗಿ ಯಾತ್ರಿಕರು ಮಲಗಿದ ಮೇಲೆ ಹಿತ್ತಲಿನ ನಲ್ಲಿಯ ಹತ್ತಿರ ಅತ್ತೆ ಸೊಸೆ ಇಬ್ಬರೇ ಪಾತ್ರೆ ಹಾಕಿಕೊಂಡು ಕೂತರು. ವೇದಾ ಕೇಳಿಯೇಬಿಟ್ಟಳು. "ಅತ್ತೆ, ವಿಂಧ್ಯಾಚಲದಲ್ಲಿ ಆಚೆ ಪ್ಲಾಟ್‌ಫಾರ್ಮಿಗೆ ಹೋಗ್ಬೇಕಾದ್ರೆ ಸೇತುವೆ ಹತ್ತಿ ಇಳೀಬೇಕಲ್ವಾ?"

"ಹೂಂ. ಆ ಕಡೆ ಈ ಕಡೆ ಸೇರಿ ಎಂಬತ್ತು ಮೆಟ್ಟಿಲು."

"ತಪ್ಪಿ ಹೋದಿರಾ?"

ಭಾಗೀರಥಮ್ಮ ಬಾಣಲೆಯ ತಳಕ್ಕೆ ಬೂದಿ ಉಜ್ಜುತ್ತಾ, "ಎಂಬತ್ತು ಮೆಟ್ಟಿಲನ್ನ ಯಾರಾದ್ರೂ ತಪ್ಪಿ ಹತ್ತಿಳೀತಾರೇನೇ?" ಎಂದರು.

ನಲ್ಲಿ ಸುರಿಯುತ್ತಲೇ ಇತ್ತು. ವೇದಾಗೆ ನಿಲ್ಲಿಸಬೇಕೆಂದೂ ತೋಚಲಿಲ್ಲ.

"ನಮ್ಮೂರು ಹೊಳೆನರಸೀಪುರದ ಹತ್ತಿರ," ಎಂದು ಅತ್ತೆ ತಾವಾಗಿಯೇ ಮುಂದುವರಿಸಿದರು. "ಮದುವೆಯಾದ ಮೇಲೆ ಎರಡೇ ಸಲ ಹೋಗಿರೋದು. ಅಮ್ಮ ಹೋದಾಗ್ಲೂ ಕಳಿಸಲಿಲ್ಲ. ಎಲ್ಲರೂ ಸತ್ತೋರಿಗೋಸ್ಕರ ಕಾಶಿಗೆ ಬರ್ತಾರೆ, ಕಾಶೀಲಿರೋಳು ಎಲ್ಲಿಗೆ ಹೋಗ್ತೀಯ ಅಂತ ನಿಮ್ಮ ಮಾವ ಇಲ್ಲೇ ಘಾಟಲ್ಲಿ ಕರ್ಮ ಮಾಡಿಸಿದ್ರು. ಶಾಸ್ತ್ರಕ್ಕೇನೂ ಕಡಿಮೆ ಮಾಡಲಿಲ್ಲ, ಪಾಪ." ಆಮೇಲೆ ಜಾರಿದ ಕನ್ನಡಕವನ್ನು ಮುಂಗೈಯಿಂದ ಮೇಲಕ್ಕೆ ತಳ್ಳಿಕೊಂಡು, "ನಾಳೆ ಎಣಿಸೋದು ನೀನೇ ಅಲ್ವಾ?" ಎಂದರು.

"ಹೂಂ ಅತ್ತೆ."

"ಆಚೆ ದಡದಿಂದ ರಸ್ತೆ ರಾಮನಗರಕ್ಕೆ ಹೋಗತ್ತಂತೆ. ಅಲ್ಲಿಂದ ಮೊಗಲ್‌ಸರಾಯಿ ಸ್ಟೇಷನ್ನಿಗೆ ಆಟೋ ಸಿಗತ್ತಂತೆ." ಅಷ್ಟು ಹೇಳಿ ಅವರು ಮುಂದಿನ ಪಾತ್ರೆಗೆ ಕೈ ಹಾಕಿದರು.

ವೇದಾ ಯಾರಿಗೂ ಬಾಯಿ ಬಿಡಲಿಲ್ಲ. ಅವಳ ಗಂಡ, ಆಚಾರ್ಯರ ಮಗ ಬದರಿ, ಇನ್ನೊಂದು ಗುಂಪನ್ನು ಕರೆದುಕೊಂಡು ಗಯೆಗೆ ಹೋಗಿದ್ದ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಹೇಳಿದ್ದರೆ ಅವನೂ ನಗುತ್ತಿದ್ದ. ಹುಟ್ಟಿದಾಗಿನಿಂದ ನಕ್ಕು ನಕ್ಕು ಅಭ್ಯಾಸವಾದವನು.

ಮರುದಿನ ಬೆಳಿಗ್ಗೆ ಪುಷ್ಯ ಮಾಸದ ಮಂಜು. ಘಾಟಿನ ಕೊನೆಯ ಮೆಟ್ಟಿಲ ಮೇಲೆ ಹೆಂಗಸರನ್ನೆಲ್ಲ ಕೂರಿಸಿ ಆಚಾರ್ಯರು ಸಂಕಲ್ಪ ಮಾಡಿಸುತ್ತಿದ್ದರು. ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಇಲ್ಲಿ ಬಿಟ್ಟು ಹೋಗಬೇಕು, ಆಮೇಲೆ ಜನ್ಮದಲ್ಲಿ ಅದನ್ನು ಮುಟ್ಟಬಾರದು. ಒಬ್ಬಾಕೆ ಸೀತಾಫಲ ಬಿಟ್ಟಳು. ಇನ್ನೊಬ್ಬಾಕೆ ಹಾಗಲಕಾಯಿ ಅಂದಾಗ, "ಬೇಡದ್ದನ್ನ ಗಂಗಮ್ಮನ ತಲೆಗೆ ಕಟ್ಟಬಾರದು ತಾಯಿ," ಎಂದು ಆಚಾರ್ಯರು ರೇಗಿಸಿದರು. ಅಷ್ಟರಲ್ಲಿ ಸಾಲಿನ ಕೊನೆಯಲ್ಲಿ ತಮ್ಮ ಹೆಂಡತಿಯೇ ಬಂದು ಕೂತಿದ್ದನ್ನು ಕಂಡು ಅವರ ಮುಖ ಅರಳಿತು.

"ಓಹೋ! ಮನೆಯೋರಿಗೆ ಇದೆಲ್ಲಾ ಇಲ್ಲ ಕಣೇ. ಆಗ್ಲಿ, ಏನು ಬಿಡ್ತೀಯಾ? ಹೇಳು."

ಭಾಗೀರಥಮ್ಮ ಬೊಗಸೆಯಲ್ಲಿ ನೀರು ತೆಗೆದುಕೊಂಡು ಒಂದು ಕ್ಷಣ ನೋಡಿ, ಬೆರಳ ಸಂದಿಯಿಂದ ಹೊಳೆಗೇ ಬಿಟ್ಟರು.

"ಹೆಸರು ಹೇಳ್ಬೇಕು."

"ಮನಸ್ಸಲ್ಲೇ ಹೇಳಿದೆ."

ಮನೆಯನ್ನೇ ಬಿಟ್ಟರು ಎಂದು ವೇದಾಗೆ ಅನಿಸಿತು. ಭಯವೂ ಆಯಿತು, ಅದರ ಬೆನ್ನಿಗೇ ಕಳ್ಳ ಸಂತೋಷವೂ ಆಯಿತು. ದೋಣಿಗೆ ಸಾಮಾನು ಹೇರುವಾಗ ಅತ್ತೆಯ ಕೆಂಪು ಚೌಕಳಿಯ ಚೀಲವನ್ನು ಎತ್ತಿಕೊಡುವ ನೆಪದಲ್ಲಿ ಮುಟ್ಟಿ ನೋಡಿದಳು. ಒಳಗೆ ಮಡಿಸಿದ ಸೀರೆ ಮೆತ್ತಗೆ ಕೈಗೆ ಹತ್ತಿತು, ಅದರ ಪಕ್ಕದಲ್ಲಿ ಆಧಾರ್ ಕಾರ್ಡಿನ ಗಟ್ಟಿ ಅಂಚು. ಅವಳ ಅನುಮಾನವೆಲ್ಲ ತೀರಿತು.

ಆಚೆ ದಡದ ಮರಳಿನ ಮೇಲೆ ಬೆರಣಿ ಹಚ್ಚಿ ಗೋಧಿ ಹಿಟ್ಟಿನ ಉಂಡೆಗಳ ಬಾಟಿ ಸುಟ್ಟರು, ಬದನೆಕಾಯಿ ಸುಟ್ಟು ಕಿವುಚಿ ಚೋಖಾ ಮಾಡಿದರು. ತುಮಕೂರಿನವರಿಗೆ ಹೊಸ ರುಚಿ. ಬೆರಳು ನೆಕ್ಕಿಕೊಂಡು ತಿಂದರು. ಭಾಗೀರಥಮ್ಮ ಎಲ್ಲರಿಗೂ ಕೇಳಿ ಕೇಳಿ ಬಡಿಸಿದರು, ಗಂಡನಿಗೆ ಎರಡು ಸಲ ತುಪ್ಪ ಹಾಕಿದರು. ತಾವು ಅರ್ಧ ಬಾಟಿ ಮುರಿದು ಹಾಗೇ ಇಟ್ಟರು. ಕೊನೆಗೆ ವೇದಾಳ ಪಕ್ಕ ಬಂದು ಕೂತು ಅವಳ ಕೆನ್ನೆಗೆ ಹತ್ತಿದ್ದ ಬೂದಿಯನ್ನು ಸೆರಗಿನಿಂದ ಒರೆಸಿದರು. ಎರಡು ವರ್ಷದಲ್ಲಿ ಅವರು ಹಾಗೆ ಮುಟ್ಟಿದ್ದು ಅದೇ ಮೊದಲು.

ನಾಲ್ಕು ಗಂಟೆಗೇ ಮಂಜು ಮತ್ತೆ ಇಳಿಯತೊಡಗಿತು. ದೋಣಿ ನಡೆಸುವ ರಾಮಚಂದ್ರ ಹೊಳೆಯ ಕಡೆ ನೋಡಿ, "ಜಲ್ದಿ ಚಲೀಂ ಪಂಡಿತ್‌ಜೀ," ಎಂದು ಅವಸರಪಡಿಸಿದ. ಆಚಾರ್ಯರು ದೋಣಿಯ ಮುಂತುದಿಯಲ್ಲಿ ಗಂಡಸರ ನಡುವೆ ಕೂತು ಪಾತ್ರೆ ಎಣಿಸಿದರು. ಹೆಂಗಸರು ಹಿಂದೆ ಕೂತರು. ಮರಳಲ್ಲಿ ಬೆಂಕಿ ಆರಿಸುವ ನೆಪ ಹೇಳಿ ಹೋದ ಅತ್ತೆ ಐವತ್ತು ಹೆಜ್ಜೆ ದೂರದಲ್ಲಿ ಈ ಕಡೆ ಬೆನ್ನು ಮಾಡಿ ನಿಂತಿದ್ದರು. ಮಂಜಿನಲ್ಲಿ ಅವರ ಹಳದಿ ಸೀರೆ ಅರ್ಧ ಕಾಣುತ್ತಿತ್ತು, ಅರ್ಧ ಇಲ್ಲ.

"ಪಾತ್ರೆ ಸರಿ ಇದೆ! ಜನ ಎಷ್ಟು ವೇದಾ?" ಎಂದು ಮುಂದಿನಿಂದ ಮಾವ ಕೂಗಿದರು.

ಇಪ್ಪತ್ತು ಯಾತ್ರಿಕರು, ಮಾವ, ತಾನು. ಇಪ್ಪತ್ತೆರಡು.

"ಇಪ್ಪತ್ತಮೂರು. ಸರಿ ಇದೆ ಮಾವ," ಎಂದಳು ವೇದಾ.

ಆ ಮನೆಗೆ ಬಂದ ಮೇಲೆ ಅವಳು ಹೇಳಿದ ಮೊದಲ ಸುಳ್ಳು ಅದು. ಇಂಜಿನ್ನು ಗುಡುಗುಟ್ಟಿತು, ದಡ ಹಿಂದೆ ಸರಿಯಿತು. ಹೋಗಿ ಅತ್ತೆ, ಬೇಗ ಹೋಗಿ, ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಅಷ್ಟು ಹಗುರವಾಗಿ ಅವಳು ಉಸಿರಾಡಿ ಎಷ್ಟೋ ಕಾಲವಾಗಿತ್ತು.

ನಡುಹೊಳೆಯಲ್ಲಿ ಕಾಲು ಚಾಚಿದಾಗ ಹಲಗೆಯ ಕೆಳಗೆ ಮೆತ್ತಗಿನದೇನೋ ತಗುಲಿತು. ಬಗ್ಗಿ ಎಳೆದಳು. ಕೆಂಪು ಚೌಕಳಿಯ ಚೀಲ. ತಾನು ಯಾವಾಗಲೂ ಕೂರುವ ಜಾಗದ ಕೆಳಗೇ ಒಪ್ಪವಾಗಿ ಇಟ್ಟಿತ್ತು. ಸೀರೆ ಇತ್ತು, ಕಾರ್ಡು ಇತ್ತು. ಎಲ್ಲದರ ಮೇಲೆ ಅತ್ತೆಯ ಕನ್ನಡಕ ಇತ್ತು, ಕಡ್ಡಿ ಮಡಿಸಿ ಇಟ್ಟದ್ದು. ಕನ್ನಡಕವಿಲ್ಲದೆ ಅವರಿಗೆ ಹತ್ತು ಹೆಜ್ಜೆ ಆಚೆಗಿನ ಮನುಷ್ಯರ ಗುರುತು ಹತ್ತುತ್ತಿರಲಿಲ್ಲ. ರಾಮನಗರದ ರಸ್ತೆಯನ್ನು ಹೇಗೆ ಹುಡುಕುತ್ತಾರೆ?

ಬೆಳಿಗ್ಗೆ ಬೊಗಸೆಯಿಂದ ಹೊಳೆಗೆ ಜಾರಿದ ನೀರು ನೆನಪಾಯಿತು. ಅತ್ತೆ ಹೆಸರು ಹೇಳದೆ ಬಿಟ್ಟದ್ದು ಮನೆಯನ್ನಲ್ಲ, ಜೀವವನ್ನೇ ಇರಬೇಕು.

"ಮಾವ! ಅತ್ತೆ ದೋಣಿಯಲ್ಲಿಲ್ಲ!"

ಮುಂದೆ ಆಚಾರ್ಯರು ಚುನಾರಿನ ಕತೆಯನ್ನು ಇನ್ನೊಮ್ಮೆ ಹೇಳುತ್ತಿದ್ದರು. ಹತ್ತು ಮೈಲಿ ದಾಟಿ, ಬಾಯಾರಿಕೆಯಾಗಿ, ಎಡಗೈಯನ್ನು ಬೆನ್ನ ಹಿಂದಕ್ಕೆ ಚಾಚಿದ್ದರು. ಇಡೀ ದೋಣಿ ಗೊಳ್ಳೆಂದಿತು. "ನೋಡಿ, ನೋಡಿ, ಸೊಸೇನೂ ಈ ಕತೆ ಕಲಿತುಬಿಟ್ಟಳು!" ಎಂದು ಅವರು ತಿರುಗದೆಯೇ ಹೆಮ್ಮೆಯಿಂದ ಹೇಳಿದರು.

"ಇಲ್ಲ ಮಾವ, ನಿಜವಾಗ್ಲೂ ಇಲ್ಲ! ದೋಣಿ ತಿರುಗಿಸಿ!"

ಅವರು ಇನ್ನೂ ಜೋರಾಗಿ ನಕ್ಕರು. ಪಕ್ಕದ ಹೆಂಗಸು ಕಣ್ಣೊರೆಸಿಕೊಳ್ಳುತ್ತಾ ವೇದಾಳ ತೊಡೆಯ ಮೇಲೆ ಬಡಿದಳು. ರಾಮಚಂದ್ರನಿಗೆ ಕನ್ನಡ ಬಾರದು. ನಗುವವರನ್ನು ಬಿಟ್ಟು ಅವನು ಅವಳ ಮುಖವನ್ನೊಂದೇ ನೋಡಿದ. ನೋಡಿದವನೇ ಇಂಜಿನ್ನು ನಿಲ್ಲಿಸಿದ.

ಸದ್ದು ನಿಂತಾಗ ನಗು ಒಬ್ಬೊಬ್ಬರಲ್ಲೇ ಆರಿತು. ಎಲ್ಲರೂ ತಿರುಗಿ ನೋಡಿದರು. ಹಿಂದೆ ದಡವಿರಲಿಲ್ಲ, ಬರಿಯ ಬಿಳಿ ಮಂಜಿತ್ತು. ಗೋಪಾಲಕೃಷ್ಣಾಚಾರ್ಯರು ಮಾತ್ರ ಇನ್ನೂ ತಿರುಗಿರಲಿಲ್ಲ. ಲೋಟಕ್ಕಾಗಿ ಹಿಂದೆ ಚಾಚಿದ ಅವರ ಕೈ ಹಾಗೆಯೇ ಚಾಚಿಕೊಂಡಿತ್ತು.